ವಾಲ್ಟೇರನ ‘ಕ್ಯಾಂಡೀಡ್’ ಈಗ ಓದಿದರೆ ಏನಾದರೂ ದಕ್ಕುತ್ತದಾ?

ಪ್ರಶ್ನೆ: ಫ್ರೆಂಚ್ ಲೇಖಕನ 1759ರ ಪುಸ್ತಕ. ಐದನೇ ಅಧ್ಯಾಯದೊಳಗೇ ಯುದ್ಧ, ರೋಗ, ಬಿರುಗಾಳಿ, ಭೂಕಂಪ ಎಲ್ಲ ಬಂದುಹೋಯಿತು. ಪಾತ್ರಗಳು ಬರೀ ಗೊಂಬೆಗಳು. ಮುಂದುವರಿಸಲಾ?

ಉತ್ತರ 1: ಗೊಂಬೆಗಳೇ ಸರ್, ಬೇಕಂತಲೇ. ಕಾದಂಬರಿ ಅಂತ ಓದಿದರೆ ಸಪ್ಪೆ. ಸಾಧ್ಯವಿರುವ ಜಗತ್ತುಗಳಲ್ಲೆಲ್ಲ ಇದೇ ಉತ್ತಮ ಅನ್ನುವ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ ವಾದದ ಕಾಲೆಳೆಯುವ ಕಥೆ ಇದು. ಉಪಕಾರ ಮಾಡಿದವನು ಸಮುದ್ರಕ್ಕೆ ಬಿದ್ದಾಗ ಕಥಾನಾಯಕ ಕ್ಯಾಂಡೀಡ್ ಅವನನ್ನು ಉಳಿಸಲು ಹಾರಲು ಹೋಗುತ್ತಾನೆ. ಅದೇ ವಾದ ನಂಬಿದ ಅವನ ಗುರು ಪ್ಯಾಂಗ್ಲಾಸ್ ತಡೆದು, ಲಿಸ್ಬನ್ ಕೊಲ್ಲಿ ಇರುವುದೇ ಅವನು ಮುಳುಗಲಿಕ್ಕೆ ಅಂತ ಸಾಬೀತು ಮಾಡುತ್ತಾನೆ! 1755ರ ಲಿಸ್ಬನ್ ಭೂಕಂಪದ ಬಗ್ಗೆ ಒಂದು ಪುಟ ಓದಿಕೊಂಡು ಆ ಭಾಗಕ್ಕೆ ವಾಪಸ್ ಹೋಗಿ.

ಉತ್ತರ 2: ಬಿಡುವುದಾದರೂ 19ನೇ ಅಧ್ಯಾಯ ಮುಗಿಸಿ ಬಿಡಿ. ಅಲ್ಲಿ ಬರುವವನು ದಕ್ಷಿಣ ಅಮೆರಿಕದ ಸುರಿನಾಮಿನ ಗುಲಾಮ: ಸಕ್ಕರೆ ಗಾಣಕ್ಕೆ ಬೆರಳು ಸಿಕ್ಕಿದರೆ ಕೈ ಕತ್ತರಿಸುತ್ತಾರೆ, ಓಡಿಹೋದರೆ ಕಾಲು. ಯುರೋಪಿನವರು ತಿನ್ನುವ ಸಕ್ಕರೆಯ ಬೆಲೆ ಅದು. ಯಹೂದಿಗಳ ಚಿತ್ರಣ ಮಾತ್ರ ಇವತ್ತಿಗೆ ಸಹಿಸಲಾಗದು.

ಉತ್ತರ 3: ಇರುವುದು 30 ಪುಟ್ಟ ಅಧ್ಯಾಯ. ಒಂದೇ ಪಟ್ಟಿಗೆ ಓದಿದರೆ ಅನಾಹುತಗಳೆಲ್ಲ ಕಲಸಿಹೋಗುತ್ತವೆ, ದಿನಕ್ಕೆ ಐದು ಸಾಕು. ಅಡಿಟಿಪ್ಪಣಿ ಇರುವ ಪ್ರತಿ ತಗೊಳ್ಳಿ. 1757ರಲ್ಲಿ ಇಂಗ್ಲೆಂಡ್ ತನ್ನದೇ ನೌಕಾಪಡೆಯ ಅಡ್ಮಿರಲ್ ಬಿಂಗ್‌ನನ್ನು ಗುಂಡಿಟ್ಟು ಕೊಂದದ್ದು ಗೊತ್ತಿಲ್ಲದಿದ್ದರೆ 23ನೇ ಅಧ್ಯಾಯದ ಕುಟುಕು ತಟ್ಟುವುದಿಲ್ಲ.