ಪದಚರ್ಚೆ: ಹಕ್ಕಿಗಳ ‘ಅಲಾರಂ ಕಾಲ್’, ‘ಮಾಬಿಂಗ್’ – ಸಂಜೆಯೊಳಗೆ ಕನ್ನಡ ಬೇಕು

ಮೈಸೂರಿನಿಂದ:
ಕೆರೆ ದಂಡೆಯ ಹಕ್ಕಿ ಫಲಕಕ್ಕೆ ಮೂರು ಪದ ಬೇಕು: ಪ್ರಿಡೇಟರ್ (ಹಿಡಿದು ತಿನ್ನುವ ಪ್ರಾಣಿ), ಅಲಾರಂ ಕಾಲ್ (ಅಪಾಯ ಕಂಡಾಗಿನ ಕೂಗು), ಮಾಬಿಂಗ್ (ಹಕ್ಕಿಗಳು ಗುಂಪುಗೂಡಿ ಶತ್ರುವಿನ ಮೇಲೆ ಎರಗುವುದು). ಬರೆಹ ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತದೆ. ಗೂಡಿಟ್ಟ ಹಾಡುಹಕ್ಕಿಗಳು ಶತ್ರುವನ್ನು ಗುರುತಿಸುವ ಬಗೆಯೇ ವಿಷಯ. ಜಪಾನಿನ ಕರುಯಿಜಾವಾದಲ್ಲಿ ಹಕ್ಕಿಗಳ ಸಂಶೋಧಕ ತೊಶಿತಾಕ ಸುಜುಕಿ ಕಂಡು 2011ರಲ್ಲಿ ಪ್ರಕಟಿಸಿದ್ದನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಅಲ್ಲಿನ ಚೇಕಡಿ ಹಕ್ಕಿ ಕಾಗೆಯನ್ನು ಕಂಡು ಕೂಗಿದರೆ ಗೂಡುಪೆಟ್ಟಿಗೆಯೊಳಗಿನ ಮರಿಗಳು ತಳಕ್ಕೆ ಅವಚಿಕೊಳ್ಳುತ್ತವೆ. ಹಾವನ್ನು ಕಂಡು ‘ಜಾರ್’ ಎಂದು ಕೂಗಿದರೆ ಗೂಡು ಬಿಟ್ಟು ಹೊರಕ್ಕೆ ಹಾರುತ್ತವೆ. ಕಾಗೆ ಕಿಂಡಿಯಿಂದ ಕೊಕ್ಕು ಚಾಚುತ್ತದೆ, ಹಾವು ಒಳಗೇ ಬರುತ್ತದೆ; ಅಡಗುವುದು ಒಂದಕ್ಕೆ ಸಾಕು, ಇನ್ನೊಂದಕ್ಕೆ ಸಾಲದು. ಓದುವವರು ಬೆಳಗಿನ ನಡಿಗೆಯವರು, ಶಾಲೆಯ ಮಕ್ಕಳು. ಪದ ಎಡವಿದರೆ ಮುಂದಿನ ಸಾಲಿಗೆ ಹೋಗುವುದಿಲ್ಲ.

ಧಾರವಾಡದಿಂದ:
ಪರಭಕ್ಷಕ, ಅಪಾಯಸೂಚಕ ಧ್ವನಿ, ಸಾಮೂಹಿಕ ಪ್ರತಿರೋಧ. ಮೂರೂ ಸಿದ್ಧವಾಗಿವೆ. ಚರ್ಚೆ ಏಕೆ?

ಶಿರಸಿಯಿಂದ:
ಮೂರಕ್ಕೂ ಜೀವವಿಲ್ಲ, ಅದಕ್ಕೆ. ಪರವನ್ನು ಭಕ್ಷಿಸುವುದು ಪರಭಕ್ಷಕವಾದರೆ ಹುಲ್ಲು ಮೇಯುವ ಎಮ್ಮೆಯೂ ಅದೇ ಸಾಲಿಗೆ ಸೇರಬೇಕು. ಗೂಡಿನ ಮಾತಾದ್ದರಿಂದ ‘ಗೂಡುಗಳ್ಳ’ ಎನ್ನಿ. ತುರುಗಳ್ಳ, ಕಾಡುಗಳ್ಳರಿಗೆ ಇರುವ ಜಾಗ ಇವನಿಗೂ ಇದೆ. ಕಾಗೆ, ಮಟಪಕ್ಷಿ, ಕೇರೆಹಾವು, ಕೆಂಬೂತ ಎಲ್ಲವೂ ಅದರಲ್ಲಿ ಬಂದವು.

ಎರಡನೆಯದಕ್ಕೆ ಒಂದು ಪದ ಸಾಲದು. ಹಕ್ಕಿದನಿಗಳ ಅಧ್ಯಯನಕಾರ ಪೀಟರ್ ಮಾರ್ಲರ್ 1955ರಲ್ಲೇ ಇಂಥ ಕೂಗುಗಳಲ್ಲಿ ಎರಡು ಬಗೆಯ ಭೇದ ತೋರಿಸಿದ್ದಾರೆ. ಮೇಲೆ ಗಿಡುಗ ಹಾರಿದಾಗ ಸಣ್ಣ ಹಕ್ಕಿಯ ದನಿ ತೆಳ್ಳಗೆ, ಕೀರಲಾಗಿ, ಮೆಲ್ಲಗೆ ಮೊದಲಾಗಿ ಮೆಲ್ಲಗೆ ಮುಗಿಯುತ್ತದೆ. ಎಲ್ಲಿಂದ ಬಂತೆಂದು ಪತ್ತೆಹಚ್ಚುವುದು ಕಷ್ಟ. ಕುಳಿತ ಗೂಬೆಯನ್ನು ಕಂಡಾಗ ಕೂಗು ಒರಟು, ಕಡಿದು ಕಡಿದು ಬರುತ್ತದೆ, ಜಾಗವನ್ನೇ ಸಾರುತ್ತದೆ. ನಮ್ಮ ಹಿತ್ತಲ ದಾಸವಾಳದಲ್ಲಿ ಕೆಮ್ಮೀಸೆ ಪಿಕಳಾರ ಗೂಡಿಟ್ಟಿದೆ. ಕೆಂಬೂತ ಬೇಲಿಯ ಬುಡದಲ್ಲಿ ನುಸುಳಿದರೆ ಸಾಕು, ಜೋಡಿ ಜುಟ್ಟು ನಿಮಿರಿಸಿ, ಬಾಲ ಬಿಚ್ಚಿ, ಕೊಂಬೆಯಿಂದ ಕೊಂಬೆಗೆ ನೆಗೆಯುತ್ತ ಅರಚುತ್ತದೆ. ಟುವ್ವಿಹಕ್ಕಿ ಬರುತ್ತದೆ, ಮಡಿವಾಳ ಬರುತ್ತದೆ, ತನ್ನ ಗೂಡು ಅಲ್ಲಿಲ್ಲದ ಕಾಜಾಣವೂ ಬಂದು ಎರಗುತ್ತದೆ. ಆ ಕೂಗಿಗೆ ಕನ್ನಡದಲ್ಲಿ ಹೆಸರಿದೆ: ಹುಯಿಲು. ಹಳಗನ್ನಡದ ‘ಪುಯ್ಯಲ್’. ಮೊರೆಯೂ ಹೌದು, ಮೊರೆ ಕೇಳಿ ಕೂಡಿದವರ ಗದ್ದಲವೂ ಹೌದು. ಪತ್ರಿಕೆಗಳು ಇಂದಿಗೂ ‘ಹುಯಿಲೆಬ್ಬಿಸಿದರು’ ಎಂದು ಬರೆಯುತ್ತವೆ. ಗಿಡುಗ ಕಂಡಾಗಿನ ಕೀರಲು ದನಿಗೆ ಮಾತ್ರ ‘ಎಚ್ಚರದ ಕೂಗು’.

ಮಾಬಿಂಗ್‌ಗೆ ‘ಮುತ್ತುವುದು’. ಇರುವೆ ಮುತ್ತುತ್ತದೆ, ನೊಣ ಮುತ್ತುತ್ತದೆ, ಸೇನೆ ಮುತ್ತಿಗೆ ಹಾಕುತ್ತದೆ. ಹಕ್ಕಿ ಏಕೆ ಮುತ್ತಬಾರದು?

ಬೆಂಗಳೂರಿನಿಂದ:
ಅಲಾರಂ ಎಂಬುದು ಗಡಿಯಾರ, ಕಾರು, ಬ್ಯಾಂಕುಗಳಲ್ಲಿ ಕನ್ನಡವಾಗಿ ದಶಕಗಳೇ ಕಳೆದಿವೆ. ‘ಅಲಾರಂ ಕೂಗು’ ಎಂದರೆ ಮಗುವಿಗೂ ತಿಳಿಯುತ್ತದೆ. ಪುಯ್ಯಲ್ ಹುಡುಕಿಕೊಂಡು ಶಾಸನಕ್ಕೆ ಹೋಗುವ ಚಟವೇಕೆ? ಕೊಡುಕೊಳ್ಳುವಿಕೆ ಎಲ್ಲ ನುಡಿಗಳಲ್ಲೂ ಇದೆ. ಜರ್ಮನರು ಹಕ್ಕಿಗಳ ಈ ನಡವಳಿಕೆಗೆ ‘ಹಸ್ಸೆನ್’, ಅಂದರೆ ದ್ವೇಷಿಸುವುದು, ಎನ್ನುತ್ತಾರೆ. ಇಂಗ್ಲಿಷಿನಿಂದ ತಂದ ‘ಮಾಬಿಂಗ್’ ಅನ್ನು ಕಚೇರಿಯ ಕಿರುಕುಳಕ್ಕೆ ಇಟ್ಟುಕೊಂಡಿದ್ದಾರೆ. ಅವರ ನುಡಿ ಮುಳುಗಲಿಲ್ಲ.

ಶಿರಸಿಯಿಂದ:
ಅವರು ಹಕ್ಕಿಗೆ ಸ್ವಂತ ಪದ ಉಳಿಸಿಕೊಂಡು ಕಿರುಕುಳಕ್ಕೆ ಕಡ ತಂದರು. ತಾವು ಹಕ್ಕಿಗೇ ಕಡ ತರಲು ಹೊರಟಿದ್ದೀರಿ. ನಿಮ್ಮ ಅಲಾರಂನ ಮೂಲ ಇಟಾಲಿಯನ್ನಿನ ‘ಆಲ್ ಆರ್ಮೆ’, ‘ಆಯುಧ ಹಿಡಿಯಿರಿ’ ಎಂದು. ಗಿಡುಗ ಕಂಡು ಎಲೆ ಮರೆಗೆ ಸರಿದ ಹಕ್ಕಿ ಯಾವ ಆಯುಧ ಹಿಡಿಯಿತು?

ಧಾರವಾಡದಿಂದ:
ವ್ಯುತ್ಪತ್ತಿಯಿಂದ ಅರ್ಥ ತೀರ್ಮಾನಿಸುವುದಾದರೆ ನಿಮ್ಮ ಗೂಡುಗಳ್ಳನೂ ನಿಲ್ಲುವುದಿಲ್ಲ. ಕೆನಡಾದ ಹಳದಿ ಉಲಿಯಕ್ಕಿ ಕೌಬರ್ಡ್ ಎಂಬ ಹಕ್ಕಿಯನ್ನು ಕಂಡಾಗ ಬೇರೆಯೇ ಕೂಗು ಹಾಕುತ್ತದೆ. ಅದನ್ನು ಕೇಳಿ ಹೆಣ್ಣು ಓಡಿಬಂದು ಗೂಡಿನ ಮೇಲೆ ಅಲ್ಲಾಡದೆ ಕೂರುತ್ತದೆ. ಕೌಬರ್ಡ್ ಬರುವುದು ತನ್ನ ಮೊಟ್ಟೆಯನ್ನು ಅಲ್ಲಿ ಇಟ್ಟು ಹೋಗಲು. ಇಟ್ಟು ಹೋಗುವವನು ಕಳ್ಳನೇ? ಸಂಸ್ಕೃತವೆಂದ ಕೂಡಲೇ ಮೂಗು ಮುರಿಯುವವರು ‘ಶತ್ರು’ ಯಾವ ನುಡಿಯದೆಂದು ಒಮ್ಮೆ ಹೇಳಲಿ.

ಶಿರಸಿಯಿಂದ:
ಫಲಕದಲ್ಲಿ ಕೌಬರ್ಡ್ ಇಲ್ಲ. ‘ಹಗೆ’ ಎಂಬ ಪದ ಕೇಳಿದ್ದೀರಾ?

ಮೈಸೂರಿನಿಂದ:
ಗಂಟೆ ನಾಲ್ಕೂವರೆ. ಗೂಡುಗಳ್ಳ, ಎಚ್ಚರದ ಕೂಗು, ಮುತ್ತುವುದು ಇಷ್ಟನ್ನು ಹಾಕಿದ್ದೇನೆ. ಜಪಾನಿನ ಚೇಕಡಿ ಹಾವು ಕಂಡು ಹಾಕುವ ಕೂಗು ಮರಿಗಳನ್ನು ಹೊರಡಿಸುವುದರಿಂದ ಅದಕ್ಕೂ ಎಚ್ಚರದ ಕೂಗೇ ಸರಿ ಎನಿಸಿತು. ಪಿಕಳಾರದ ಚಿತ್ರದ ಕೆಳಗೆ ‘ಹುಯ್ಲು’ ಎಂದು ಬರೆದಿದ್ದೇನೆ. ಎಲ್ಲರಿಗೂ ವಂದನೆಗಳು.

ಶಿರಸಿಯಿಂದ:
ಹುಯಿಲು. ‘ಯಿ’ ಬಿಡಬೇಡಿ. ಅಚ್ಚಿನವರಿಗೆ ಈಗಲೇ ಫೋನ್ ಮಾಡಿ.