ರೇಡಿಯೇಟರ್ ಹೊಸದು, ಆದರೂ ಘಟ್ಟ ಹತ್ತುವಾಗ ನೀರು ಕುದಿಯುತ್ತದೆ (ಟಾಟಾ 1210 ಎಸ್‌ಇ)

ಘಟ್ಟದ ಲಾರಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಟಾಟಾ 1210 ಎಸ್‌ಇ, ಮುಂದೆ ಮೂತಿ ಇರುವ ಹಳೇ ಲಾರಿ, 697 ಇಂಜಿನ್. ಮೊದಲು ಅಪ್ಪ ಓಡಿಸುತ್ತಿದ್ದರು, ಈಗ ನಾನು. ಕುಮಟಾ ಕಡೆಯಿಂದ ಚಿರೆಕಲ್ಲು ತುಂಬಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುತ್ತೇನೆ. ಬರುವಾಗ ಹೆಚ್ಚಾಗಿ ಖಾಲಿ.

ತೊಂದರೆ ಏನೆಂದರೆ, ಕತಗಾಲ ದಾಟುವ ತನಕ ಟೆಂಪರೇಚರ್ ಮುಳ್ಳು ಸರಿಯಾಗಿಯೇ ಇರುತ್ತದೆ. ಘಟ್ಟ ಶುರುವಾಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಮೇಲೆ ಹೋಗುತ್ತದೆ, ಆಮೇಲೆ ರೇಡಿಯೇಟರ್ ಕ್ಯಾಪ್ ಹತ್ತಿರ ಬುಸ್ ಅಂತ ನೀರು ಹೊರಗೆ ಬರುತ್ತದೆ. ನಿಲ್ಲಿಸಿ ತಣ್ಣಗಾಗಲು ಬಿಟ್ಟು, ನಾಲ್ಕೈದು ಲೀಟರ್ ನೀರು ಹಾಕಿ ಮತ್ತೆ ಹೊರಡಬೇಕು. ಖಾಲಿ ಗಾಡಿಯಲ್ಲಿ ಏನೂ ಇಲ್ಲ. ನಿಂತಲ್ಲಿ ಒಂದು ಗಂಟೆ ಇಂಜಿನ್ ಓಡಿಸಿದರೂ ಏನೂ ಇಲ್ಲ.

ಇಲ್ಲಿಯ ತನಕ ಮಾಡಿಸಿದ್ದು: ರೇಡಿಯೇಟರ್ ಹಳೆಯದಾಗಿ ಸೋರುತ್ತಿತ್ತು (ದಾರಿಯಲ್ಲಿ ಎರಡು ಸಲ ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸಿಕೊಂಡಿದ್ದೆ), ಅದಕ್ಕೆ ಹೊಸ ಕೋರ್ (ಒಳಗಿನ ಟ್ಯೂಬು, ಫಿನ್ನಿನ ಜಾಲರಿ) ಹಾಕಿಸಿದೆ. ಮೇಲಿನ ಕೆಳಗಿನ ಹೋಸ್ ಎರಡೂ ಹೊಸದು, ಫ್ಯಾನ್ ಬೆಲ್ಟ್ ಹೊಸದು. ನಮ್ಮ ಸೆಕೆಗೆ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ವಾಲ್ವ್) ಬೇಡ ಅಂತ ಗ್ಯಾರೇಜಿನವರು ಅದನ್ನು ತೆಗೆದುಬಿಟ್ಟರು. ಇಷ್ಟಕ್ಕೇ ಸುಮಾರು 20,000 ಖರ್ಚಾಗಿದೆ. ನಿಜ ಹೇಳಬೇಕೆಂದರೆ ಇದೆಲ್ಲ ಮಾಡಿದ ಮೇಲೆ ಮೊದಲಿಗಿಂತ ಬೇಗ ಕುದಿಯುತ್ತಿದೆ. ಈಗ ಹೆಡ್ (ಸಿಲಿಂಡರುಗಳ ಮೇಲಿನ ಭಾಗ) ಇಳಿಸಿ ಅದರ ಕೆಳಗಿನ ಗ್ಯಾಸ್ಕೆಟ್ ಹೊಸದು ಹಾಕೋಣ, ಹೆಡ್ಡಿನ ತಳ ಮಟ್ಟ ಮಾಡಲು ಫೇಸಿಂಗ್ ಮಾಡಿಸೋಣ ಅನ್ನುತ್ತಿದ್ದಾರೆ. ಹೆಡ್ ಬಿಚ್ಚುವ ಮೊದಲು ನಾನೇ ನೋಡಬಹುದಾದದ್ದು ಏನಾದರೂ ಇದೆಯಾ? ಅಪ್ಪನ ಗಾಡಿ, ಮಾರುವ ಮನಸ್ಸಿಲ್ಲ. ಗೊತ್ತಿದ್ದವರು ಹೇಳಿ.

ಶಿರಾಡಿ ಡ್ರೈವರ್:

ಅಣ್ಣ, ಇದು ಗ್ಯಾಸ್ಕೆಟ್ಟೇ ಇರಬೇಕು. ಲೋಡಿನಲ್ಲಿ ಮಾತ್ರ ಕುದಿಯುವುದು ಅಂದರೆ ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ ಅಂತ ಅರ್ಥ. ನನ್ನ ಹಳೇ ಗಾಡಿಗೂ ಹೀಗೇ ಆಗಿತ್ತು. ನಾನು ಆಗ ಒಂದು ದೊಡ್ಡ ತಪ್ಪು ಮಾಡಿದೆ, ನೀವು ಮಾಡಬೇಡಿ. ಶಿರಾಡಿ ಘಟ್ಟದಲ್ಲಿ ಕುದ್ದು ನಿಂತಾಗ, ಹಿಂದೆ ಗಾಡಿಗಳು ಸಾಲುಗಟ್ಟಿದ್ದವು, ಗಡಿಬಿಡಿಯಲ್ಲಿ ಹಳ್ಳದ ತಣ್ಣೀರು ತಂದು ಹಾಗೇ ಸುರಿದೆ. ಹೆಡ್ ಬಿರುಕು ಬಿಟ್ಟಿತು. ವಾಲ್ವ್ ಸೀಟಿನ ಮಧ್ಯೆ ಕೂದಲೆಳೆಯಷ್ಟು ಬಿರುಕು, ಕಣ್ಣಿಗೆ ಕಾಣುವುದೇ ಇಲ್ಲ. ಆಮೇಲೆ ಬೇರೆ ಹೆಡ್ಡೇ ಹಾಕಬೇಕಾಯಿತು. ಇಂಜಿನ್ ಕೈ ಮುಟ್ಟುವಷ್ಟು ಆರುವ ತನಕ ನೀರು ಹಾಕಬೇಡಿ, ಬಿಸಿ ಇರುವಾಗ ಕ್ಯಾಪ್ ಕೂಡ ತಿರುಗಿಸಬೇಡಿ. ನಮ್ಮ ಕ್ಲೀನರ್ ಹುಡುಗನ ಮುಖ ಸುಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ.

697 ಮೇಸ್ತ್ರಿ:

ಹೆಡ್ ಬಿಚ್ಚಬೇಡಿ. ಈಗಲೇ ಬೇಡ. ಹುಬ್ಬಳ್ಳಿಯಲ್ಲಿ ಇದೇ ಇಂಜಿನ್ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದೇನೆ. 6 ಸಿಲಿಂಡರ್, 97 ಮಿ.ಮೀ. ಬೋರ್, ಅದಕ್ಕೇ 697 ಅಂತ ಹೆಸರು. ಸುಮ್ನೆ ಕೆಡುವ ಇಂಜಿನ್ ಅಲ್ಲ ಅದು.

ನಿಮ್ಮ ಬರಹದಲ್ಲಿ ಒಂದು ಸಾಲು ಮುಖ್ಯ. ರಿಪೇರಿ ಆದ ಮೇಲೆ ಮೊದಲಿಗಿಂತ ಬೇಗ ಕುದಿಯುತ್ತಿದೆ ಅಂದಿರಿ. ಹಾಗಾದರೆ ರಿಪೇರಿಯಲ್ಲಿ ಮುಟ್ಟಿದ್ದರಲ್ಲೇ ಏನೋ ಇದೆ ಅಲ್ವಾ? ಗ್ಯಾಸ್ಕೆಟ್ ಯಾರೂ ಮುಟ್ಟಿಲ್ಲ. ಕೋರ್, ಹೋಸ್, ಬೆಲ್ಟ್, ಥರ್ಮೋಸ್ಟಾಟ್ ಮುಟ್ಟಿದ್ದಾರೆ. ಅಲ್ಲಿಂದ ಶುರು ಮಾಡಿ.

ಶಿರಾಡಿಯವರು ಹೇಳಿದ ಅನುಮಾನ ತಪ್ಪಲ್ಲ, ಆದರೆ ಅದನ್ನು ಹೆಡ್ ಇಳಿಸದೆ ನೋಡಬಹುದು. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಫ್ಯಾನ್ ಬೆಲ್ಟ್ ಬಿಚ್ಚಿ. ನೀರು ಕುತ್ತಿಗೆ ತನಕ ತುಂಬಿ, ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಡಿ. ಪಂಪ್ ತಿರುಗುವುದಿಲ್ಲ, ಹಾಗಾಗಿ ನೀರು ನಿಂತೇ ಇರಬೇಕು. ಮೊದಲು ಎರಡು ಮೂರು ಗುಳ್ಳೆ ಬಂದು ನಿಂತರೆ ಚಿಂತೆ ಇಲ್ಲ. ಬಿಡದೆ ಗುಳ್ಳೆ ಏಳುತ್ತಲೇ ಇದ್ದರೆ, ನೀರು ಉಕ್ಕಿದರೆ, ಗ್ಯಾಸ್ಕೆಟ್ ಅಥವಾ ಹೆಡ್ಡು. ಒಂದೆರಡು ನಿಮಿಷ ಸಾಕು, ಜಾಸ್ತಿ ಹೊತ್ತು ಬೆಲ್ಟ್ ಇಲ್ಲದೆ ಓಡಿಸಬೇಡಿ. ಡಿಪ್ ಸ್ಟಿಕ್ ಎಳೆದು ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಬೆಳ್ಳಗಿದೆಯಾ ಅಂತಲೂ ನೋಡಿ.

ಅದು ಸರಿ ಇದ್ದರೆ ಬೆಲ್ಟ್ ಹಾಕಿ, ಕ್ಯಾಪ್ ಹಾಕಿ, ಇಂಜಿನ್ ಚೆನ್ನಾಗಿ ಬಿಸಿ ಮಾಡಿ. ಒಬ್ಬರು ಕುಳಿತು ಪೂರ್ತಿ ರೇಸ್ ಕೊಡಲಿ, ನೀವು ಪಕ್ಕದಿಂದ ಕೆಳಗಿನ ಹೋಸ್ ನೋಡಿ (ಫ್ಯಾನ್ ಹತ್ತಿರ ಕೈ, ಲುಂಗಿ, ಟವೆಲ್ ಯಾವುದೂ ಬೇಡ). ಆ ಹೋಸಿನಿಂದ ಪಂಪ್ ನೀರನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಒಳಗೆ ತಂತಿ ಸ್ಪ್ರಿಂಗ್ ಇರಬೇಕು. ಇಲ್ಲದಿದ್ದರೆ ಜೋರಾಗಿ ಎಳೆದಾಗ, ಹೀರಿದ ಸ್ಟ್ರಾ ಹಾಗೆ ಹೋಸ್ ಅಂಟಿಕೊಳ್ಳುತ್ತದೆ. ನಿಂತಲ್ಲಿ ಸ್ಲೋ ಓಡುವಾಗ ಏನೂ ಗೊತ್ತಾಗುವುದಿಲ್ಲ. ಘಟ್ಟದಲ್ಲಿ ಇಂಜಿನ್ ಜೋರಾಗಿ ತಿರುಗುವಾಗಲೇ, ಅಂದರೆ ನೀರು ಹೆಚ್ಚು ಬೇಕಾದಾಗಲೇ, ದಾರಿ ಮುಚ್ಚುತ್ತದೆ. ಹೊಸ ಹೋಸ್ ಹಾಕುವಾಗ ಹಳೆಯದರ ಒಳಗಿನ ಸ್ಪ್ರಿಂಗನ್ನು ಹೋಸಿನ ಜೊತೆಗೇ ಗುಜರಿಗೆ ಹಾಕುವುದನ್ನು ಬಹಳ ಕಡೆ ನೋಡಿದ್ದೇನೆ.

ಕ್ಯಾಪ್ ಬಗ್ಗೆ ನೀವು ಏನೂ ಬರೆದಿಲ್ಲ. ಹಳೆಯದೇ ಇದೆಯಾ? ಕ್ಯಾಪ್ ಅಂದರೆ ಬರೀ ಮುಚ್ಚಳ ಅಲ್ಲ. 0.5 (ಬಾರ್ ಒತ್ತಡ) ಅಂತ ಬರೆದಿರುವ ಕ್ಯಾಪ್ ಸರಿಯಾಗಿ ಒತ್ತಡ ಹಿಡಿದರೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 111 ಡಿಗ್ರಿ ತನಕ ತಡೆಯುತ್ತದೆ. ರಬ್ಬರ್ ಹೋದ ಕ್ಯಾಪಿನಲ್ಲಿ ಆ 11 ಡಿಗ್ರಿ ನಿಮಗೆ ಸಿಗುವುದೇ ಇಲ್ಲ. ಒಳಗೆ ಒತ್ತಡ ಇಲ್ಲದಿದ್ದರೆ ಕೆಳಗಿನ ಹೋಸ್ ಇನ್ನೂ ಬೇಗ ಅಂಟಿಕೊಳ್ಳುತ್ತದೆ.

ಥರ್ಮೋಸ್ಟಾಟ್ ತೆಗೆದದ್ದು ನನಗೆ ಒಪ್ಪಿಗೆ ಇಲ್ಲ. ಎಲ್ಲ ಗ್ಯಾರೇಜಿನಲ್ಲೂ ತೆಗೆಯುತ್ತಾರೆ, ಗೊತ್ತು. ಆದರೆ ಅದು ಬಿಸಿಯಾಗಿ ತೆರೆದಾಗ ರೇಡಿಯೇಟರಿಗೆ ದಾರಿ ಬಿಡುತ್ತದೆ, ಜೊತೆಗೆ ಪಂಪಿಗೆ ನೇರ ಹೋಗುವ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ತೆಗೆದರೆ ಬೈಪಾಸ್ ಯಾವಾಗಲೂ ತೆರೆದಿರುತ್ತದೆ. ಸ್ವಲ್ಪ ಬಿಸಿ ನೀರು ರೇಡಿಯೇಟರ್ ನೋಡದೆ ಇಂಜಿನ್ನಿಗೇ ವಾಪಸ್ ಹೋಗುತ್ತದೆ. ಹೊಸದು ತಂದು ಹಾಕಿ. ಹಾಕುವ ಮೊದಲು ಒಂದು ಪಾತ್ರೆ ನೀರಿನಲ್ಲಿ ದಾರ ಕಟ್ಟಿ ತೂಗುಬಿಟ್ಟು ಕಾಯಿಸಿ. ಅದರ ಮೇಲೆ ಬರೆದ ಡಿಗ್ರಿ ಹತ್ತಿರ ಬಾಯಿ ಬಿಡಬೇಕು, ಆರಿದಾಗ ಪೂರ್ತಿ ಮುಚ್ಚಬೇಕು.

ತಾಮ್ರದ ಕೋರ್:

ರೇಡಿಯೇಟರ್ ಕೆಲಸ ಮಾಡುವವನು ನಾನು. ಮೇಸ್ತ್ರಿಯವರು ಹೇಳಿದ್ದಕ್ಕೆ ನನ್ನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಅರಿಶಿನ ಹಾಕಿದ್ದೆ ಅಂದಿರಲ್ಲ, ದಾರಿಯಲ್ಲಿ ಸಿಕ್ಕಿಕೊಂಡಾಗ ಬೇರೆ ಉಪಾಯ ಇರುವುದಿಲ್ಲ, ತಪ್ಪು ಅನ್ನುವುದಿಲ್ಲ. ಆದರೆ ಊರಿಗೆ ಬಂದ ಮೇಲೆ ಪೂರ್ತಿ ತೊಳೆಯಬೇಕು. ಅರಿಶಿನ, ತುಕ್ಕು, ಬೋರ್ ನೀರಿನ ಸುಣ್ಣ ಎಲ್ಲ ಸೇರಿ ಕೆಸರಾಗುತ್ತದೆ. ಹಳೇ ಕೋರ್ ಹೋಯಿತು, ಸರಿ. ಆದರೆ ಬ್ಲಾಕಿನ (ಸಿಲಿಂಡರ್ ಇರುವ ಇಂಜಿನ್ನಿನ ಮೈ) ಒಳಗಿನ ಕೆಸರು ಎಲ್ಲಿ ಹೋಯಿತು? ಅದು ಅಲ್ಲೇ ಇದೆ. ಹೆಚ್ಚಾಗಿ ಹಿಂದಿನ ಕಡೆ, ಐದು ಆರನೇ ಸಿಲಿಂಡರ್ ಸುತ್ತ ಕೂತಿರುತ್ತದೆ, ಅಲ್ಲಿ ನೀರಿನ ಓಟ ಕಡಿಮೆ. ಈಗ ನಿಧಾನವಾಗಿ ನಿಮ್ಮ ಹೊಸ ಕೋರಿನ ಟ್ಯೂಬಿಗೆ ಬರುತ್ತಿರುತ್ತದೆ. ಹೊಸ ಕೋರ್ ಹಾಕಿ ಆರು ತಿಂಗಳಿಗೆ ಮತ್ತೆ ನನ್ನ ಹತ್ತಿರ ಬರುವ ಗಾಡಿಗಳೆಲ್ಲ ಬ್ಲಾಕ್ ತೊಳೆಯದವೇ.

ಬ್ಲಾಕಿನ ಪಕ್ಕದಲ್ಲಿ ನೀರು ಬಿಡುವ ಪ್ಲಗ್ ಇದೆ. ಅದನ್ನು ಬಿಚ್ಚಿ. ನೀರು ಧಾರೆಯಾಗಿ ಬರಬೇಕು. ಬರದಿದ್ದರೆ ತಂತಿ ಹಾಕಿ ಕೆದಕಿ, ಒಳಗೆ ಎಷ್ಟು ಕೆಸರಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ರೇಡಿಯೇಟರಿನ ಎರಡೂ ಹೋಸ್ ಬಿಡಿಸಿ, ಇಂಜಿನ್ನಿನ ಮೇಲಿನ ಬಾಯಿಯಿಂದ ಪೈಪ್ ಹಿಡಿದು ಉಲ್ಟಾ ನೀರು ಬಿಡಿ, ತಿಳಿ ನೀರು ಬರುವ ತನಕ. ಸುಣ್ಣ ಗಟ್ಟಿಯಾಗಿದ್ದರೆ ಸಿಟ್ರಿಕ್ ಆಸಿಡ್ ಅಂದರೆ ನಿಂಬೆ ಉಪ್ಪು, ನಾನು ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಹಾಕಿ ಅರ್ಧ ಗಂಟೆ ಓಡಿಸಿ ಬಿಡುತ್ತೇನೆ, ಆಮೇಲೆ ಮೂರು ಸಲ ಬರೀ ನೀರಿನಲ್ಲಿ ತೊಳೆಯುತ್ತೇನೆ. ಹಳೇ ಇಂಜಿನ್ ಆದ್ದರಿಂದ ಒಂದು ಎಚ್ಚರ: ತುಕ್ಕು ಹೋದ ಮೇಲೆ ಬ್ಲಾಕಿನ ಬಿಲ್ಲೆ ಪ್ಲಗ್ (ಪಕ್ಕದ ತೂತು ಮುಚ್ಚುವ ತಗಡಿನ ಬಿಲ್ಲೆ) ಸೋರಲು ಶುರುವಾಗಬಹುದು. ಆ ಪ್ಲಗ್ ಹೇಗಿದ್ದರೂ ಹೋಗುವುದೇ ಇತ್ತು. ಘಟ್ಟದಲ್ಲಿ ಹೋಗುವ ಬದಲು ಮನೆ ಮುಂದೆ ಹೋಗಲಿ.

ಹೊರಗಿನ ಫಿನ್ ಕೂಡ ನೋಡಿ. ಕಲ್ಲು ಕ್ವಾರಿಯ ಕೆಂಪು ಧೂಳು ಒಳಗೆ ಗಟ್ಟಿ ಕೂತಿರುತ್ತದೆ. ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಹೊಡೆಯಬೇಕು. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿಯಬೇಡಿ, ಫಿನ್ ಮಲಗಿಬಿಡುತ್ತವೆ. ಫ್ಯಾನಿನ ಸುತ್ತ ತಗಡಿನ ಕವರ್ ಇದೆಯಾ? ಕೋರ್ ಹಾಕುವಾಗ ಅಡ್ಡ ಬರುತ್ತದೆ ಅಂತ ತೆಗೆದು ಮೂಲೆಗೆ ಇಡುತ್ತಾರೆ, ವಾಪಸ್ ಹಾಕುವುದಿಲ್ಲ. ಅದಿಲ್ಲದಿದ್ದರೆ ಫ್ಯಾನ್ ಕೋರಿನ ಮೂಲಕ ಗಾಳಿ ಎಳೆಯುವ ಬದಲು ಅಕ್ಕಪಕ್ಕದ ಗಾಳಿಯನ್ನೇ ತಿರುಗಿಸುತ್ತಿರುತ್ತದೆ.

ಘಟ್ಟದ ಲಾರಿ:

ಎಲ್ಲರಿಗೂ ಬಹಳ ಥ್ಯಾಂಕ್ಸ್. ನಿನ್ನೆ ಭಾನುವಾರ ಇಡೀ ದಿನ ಇದೇ ಕೆಲಸ.

ಗುಳ್ಳೆ ಇಲ್ಲ! ಮೂರು ಸಲ ನೋಡಿದೆ. ಆಯಿಲ್ ಕಪ್ಪಗೇ ಇದೆ. ಆಮೇಲೆ ತಮ್ಮನನ್ನು ಕೂರಿಸಿ ರೇಸ್ ಕೊಡಿಸಿದೆ. ಮೇಸ್ತ್ರಿ ಸಾರ್, ನೀವು ಹೇಳಿದ ಹಾಗೇ ಕೆಳಗಿನ ಹೋಸ್ ಮಧ್ಯದಲ್ಲಿ ಚಪ್ಪಟೆ ಆಯಿತು, ರೇಸ್ ಬಿಟ್ಟ ಕೂಡಲೇ ಮತ್ತೆ ಉಬ್ಬಿತು. ಕಣ್ಣೆದುರೇ ಆಯಿತು, ಇಷ್ಟು ದಿನ ಒಬ್ಬರೂ ನೋಡಿರಲಿಲ್ಲ. ಬಿಚ್ಚಿ ನೋಡಿದರೆ ಸ್ಪ್ರಿಂಗ್ ಇಲ್ಲ. ಕ್ಯಾಪಿನ ರಬ್ಬರ್ ಒಣಗಿ ಬಿರುಕು ಬಿಟ್ಟಿದೆ.

ಬ್ಲಾಕ್ ಪ್ಲಗ್ ಬಿಚ್ಚಿದಾಗ ಒಂದು ಹನಿ ನೀರು ಬರಲಿಲ್ಲ. ತಂತಿ ಹಾಕಿ ಕೆದಕಿದ ಮೇಲೆ ಕೆಂಪು ಹಳದಿ ಕೆಸರು ಬಂತು, ಅರ್ಧ ಬಕೆಟ್ ಹತ್ತಿರ. ಫ್ಯಾನ್ ಕವರ್ ಇದೆ. ಒಂದು ಪ್ರಶ್ನೆ: ಬಾವಿ ನೀರೇ ಹಾಕಬಹುದಾ, ಕೂಲೆಂಟ್ ಬೇಕೇ ಬೇಕಾ? ಅಪ್ಪನ ಕಾಲದಲ್ಲಿ ಬರೀ ನೀರೇ ಇತ್ತು.

697 ಮೇಸ್ತ್ರಿ:

ಬರೀ ನೀರಿಗಿಂತ ಕೂಲೆಂಟ್ ಒಳ್ಳೆಯದು. ನಮ್ಮಲ್ಲಿ ಮಂಜುಗಡ್ಡೆಯ ಭಯ ಇಲ್ಲ, ಆದರೆ ತುಕ್ಕು ತಡೆಯುವ ಮದ್ದು ಅದರಲ್ಲಿ ಇರುತ್ತದೆ, ನಮಗೆ ಬೇಕಾದದ್ದು ಅದೇ. ನೀವು ಅರ್ಧ ಬಕೆಟ್ ತೆಗೆದದ್ದು ಹೆಚ್ಚಾಗಿ ಇಂಜಿನ್ನಿನದೇ ಕಬ್ಬಿಣ. ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು (ಆಸಿಡ್ ಅಲ್ಲ) ಅಥವಾ ಸೋಸಿ ಇಟ್ಟ ಮಳೆ ನೀರಿನ ಜೊತೆ ಬೆರೆಸಿ. ಬೋರ್ ನೀರು ಬೇಡ. ದಾರಿಗೆ ಅದೇ ಮಿಶ್ರಣ ಐದು ಲೀಟರಿನ ಕ್ಯಾನಿನಲ್ಲಿ ಇಟ್ಟುಕೊಳ್ಳಿ, ಹಳ್ಳದ ನೀರು ಹಾಕುವ ಪ್ರಸಂಗ ಬರಬಾರದು.

ತುಂಬುವಾಗ ನಿಧಾನವಾಗಿ ತುಂಬಿ, ಗಾಳಿ ಸಿಕ್ಕಿಕೊಂಡರೆ ಮತ್ತೆ ಕುದಿಯುತ್ತದೆ. ಥರ್ಮೋಸ್ಟಾಟ್ ತೆರೆಯುವ ತನಕ ಕ್ಯಾಪ್ ಇಲ್ಲದೆ ಓಡಿಸಿ, ಇಳಿದಷ್ಟು ಹಾಕಿ, ಆಮೇಲೆ ಮುಚ್ಚಿ. ಹೋಸ್ ಹಾಕುವಾಗಲೇ ವಾಟರ್ ಪಂಪಿನ ಕೆಳಗಿನ ಸಣ್ಣ ತೂತು ನೋಡಿ. ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಸೀಲ್ ಹೋಗಿದೆ. ಕೆಲವರು ಆ ತೂತಿಗೇ ಎಂ-ಸೀಲ್ ಮೆತ್ತುತ್ತಾರೆ, ಆಗ ನೀರು ಬೇರಿಂಗಿಗೆ ಹೋಗುತ್ತದೆ. ಫ್ಯಾನ್ ಹಿಡಿದು ಅಲ್ಲಾಡಿಸಿ ನೋಡಿ, ಆಟ ಇರಬಾರದು.

ಶಿರಾಡಿ ಡ್ರೈವರ್:

ಗ್ಯಾಸ್ಕೆಟ್ ಅಲ್ಲ ಅಂತ ಗೊತ್ತಾಗಿ ಖುಷಿಯಾಯಿತು ಅಣ್ಣ, ನನ್ನ ಮಾತು ಕೇಳಿ ಹೆಡ್ ಬಿಚ್ಚಲಿಲ್ಲವಲ್ಲ. ಓಡಿಸುವ ಬಗ್ಗೆ ಒಂದು ಮಾತು: ಥರ್ಡ್ ಗೇರಿನಲ್ಲಿ ಉಸಿರುಗಟ್ಟಿಸಿ ಎಳೆಸಬೇಡಿ. ಮೊದಲೇ ಸೆಕೆಂಡಿಗೆ ಇಳಿಸಿ, ಇಂಜಿನ್ ಹಗುರವಾಗಿ ತಿರುಗಲಿ. ಪಂಪು, ಫ್ಯಾನು ಎರಡೂ ಇಂಜಿನ್ ಜೊತೆಗೇ ತಿರುಗುವುದು. ಮುಳ್ಳು ಏರಿದರೆ ಜಾಗ ನೋಡಿ ನಿಲ್ಲಿಸಿ, ನೀರು ಹೊರಗೆ ಹೋಗಿಲ್ಲ ಅಂದರೆ ಕೂಡಲೇ ಆಫ್ ಮಾಡಬೇಡಿ, ಸ್ವಲ್ಪ ರೇಸಿನಲ್ಲಿ ಎರಡು ಮೂರು ನಿಮಿಷ ಬಿಡಿ. ನೀರು ಹೋಗಿಬಿಟ್ಟಿದ್ದರೆ ಮಾತ್ರ ತಕ್ಷಣ ಆಫ್.

ಘಟ್ಟದ ಲಾರಿ:

ಇವತ್ತು ಕಲ್ಲು ತುಂಬಿಕೊಂಡು ಹೋಗಿ ಬಂದೆ. ಸ್ಪ್ರಿಂಗ್ ಇರುವ ಹೋಸ್, ಹೊಸ ಕ್ಯಾಪ್, ಥರ್ಮೋಸ್ಟಾಟ್, ಕೂಲೆಂಟ್ ಎಲ್ಲ ಸೇರಿ 3,000ದ ಒಳಗೇ ಆಯಿತು. ಒಂದು ಬಿಲ್ಲೆ ಪ್ಲಗ್ ಸೋರಿತು, ಕೋರ್ ಅಣ್ಣ ಹೇಳಿದ ಹಾಗೇ, ಅದನ್ನೂ ಬದಲಾಯಿಸಿದೆ. ಕಡಿದಾದ ತಿರುವುಗಳಲ್ಲಿ ಮುಳ್ಳು ಸ್ವಲ್ಪ ಏರಿತು, ಮತ್ತೆ ಇಳಿಯಿತು. ಮಧ್ಯೆ ಎಲ್ಲೂ ನಿಲ್ಲಿಸಲಿಲ್ಲ. ದೇವಿಮನೆ ದೇವಸ್ಥಾನದ ಹತ್ತಿರ ಮಾತ್ರ ನಿಲ್ಲಿಸಿ ಕಾಯಿ ಒಡೆದೆ, ಅಪ್ಪನಿಗೆ ಫೋನ್ ಮಾಡಿದೆ. ಕುದಿಯಿತಾ ಅಂತ ಕೇಳಿದರು, ಇಲ್ಲ ಅಂದೆ.

ಆಮೇಲೆ ಶಿರಸಿಯಲ್ಲಿ ಗಾಡಿ ಆರಿದ ಮೇಲೆ ಕ್ಯಾಪ್ ತೆಗೆದು ನೋಡಿದೆ. ನೀರು ಹಾಕಿದಲ್ಲೇ ಇತ್ತು.