ಮಗಳು ಈಗ 8ನೇ ಕ್ಲಾಸ್: ಎಂಜಿನಿಯರಿಂಗ್ ಖರ್ಚಿಗೆ ಈಗಿನಿಂದ ಏನು ಮಾಡಬೇಕು?

ಹಾವೇರಿ_ಹೊಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳು ಈ ಜೂನ್‌ಗೆ 8ನೇ ಕ್ಲಾಸ್. 1ರಿಂದ 7ರವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಊರಲ್ಲೇ ಹೈಸ್ಕೂಲೂ ಇದೆ. ಲೆಕ್ಕದಲ್ಲಿ ಚುರುಕು, ಎಂಜಿನಿಯರಿಂಗ್ ಓದಿಸಬೇಕು ಅಂತಿದೆ. ನಾವು 2ಎ. ಮನೆಯ ಆದಾಯ ಎಲ್ಲ ಸೇರಿ ವರ್ಷಕ್ಕೆ ಐದೂವರೆ ಲಕ್ಷ. ನಾಲ್ಕು ಎಕರೆ ಹೊಲ ನಮ್ಮ ತಂದೆಯವರ ಹೆಸರಿನಲ್ಲಿದೆ. ಸುಕನ್ಯಾ ಸಮೃದ್ಧಿ ಖಾತೆಗೆ ತಿಂಗಳಿಗೆ 2,000 ಕಟ್ಟುತ್ತಿದ್ದೇವೆ, ಈಗ 2.4 ಲಕ್ಷ ಆಗಿದೆ. ಇನ್ನೊಂದು 5,000 ತಿಂಗಳಿಗೆ ಉಳಿಸಬಹುದು.

ಕೇಳಬೇಕಾದದ್ದು ಮೂರು. ತಾಲ್ಲೂಕಿನ ಇಂಗ್ಲಿಷ್ ಮಾಧ್ಯಮ ಶಾಲೆಗೆ ವರ್ಷಕ್ಕೆ 45,000 ಕೊಟ್ಟು ಈಗಲೇ ಸೇರಿಸಬೇಕಾ? ಏಜೆಂಟರು ಮಕ್ಕಳ ಪಾಲಿಸಿ ಮಾಡಿಸಿ ಅಂತಿದ್ದಾರೆ, ಆ 5,000 ಅದಕ್ಕೆ ಹಾಕಲಾ? ಕಡಿಮೆ ಬಿದ್ದದ್ದಕ್ಕೆ ಬ್ಯಾಂಕ್ ಸಾಲ ಮಾಡಿದರೆ ಕಂತು ಎಷ್ಟು ಬರುತ್ತೆ?

ಕೌನ್ಸೆಲಿಂಗ್_ಕಟ್ಟೆ

ಸರ್, ಮೊದಲನೇ ಪ್ರಶ್ನೆಗೆ ಜೂನ್ ಒಳಗೆ ಉತ್ತರ ಬೇಕು, ಅದನ್ನೇ ಮೊದಲು ಹೇಳುತ್ತೇನೆ. ಶಾಲೆ ಬದಲಿಸಬೇಡಿ.

ಸಿಇಟಿ ಸೀಟಿನಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ರವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ಒಂಬತ್ತು ವರ್ಷ ಓದಿ ಒಂದು ವರ್ಷ ಪೇಟೆಗೆ ಹೋದರೂ ಹೋಯಿತು. ನಿಮ್ಮ ಮಗಳದು ಏಳು ವರ್ಷ ಆಗಿದೆ, ಇನ್ನು ಮೂರೇ ಬಾಕಿ. ಈ ಕೋಟಾಗಳು 2ಎ ಒಳಗೇ ಅನ್ವಯಿಸುತ್ತವೆ. ಅಂದರೆ 2ಎ ಸಾಮಾನ್ಯ, 2ಎ ಗ್ರಾಮೀಣ, 2ಎ ಕನ್ನಡ ಮಾಧ್ಯಮ ಅಂತ ಬೇರೆ ಬೇರೆ ಸೀಟುಗಳಿರುತ್ತವೆ. ಒಂದೇ ರ‍್ಯಾಂಕಿಗೆ ಎಷ್ಟೋ ಸಲ ಇನ್ನೂ ಒಳ್ಳೆಯ ಕಾಲೇಜು ಅಥವಾ ಬ್ರಾಂಚ್ ಸಿಗುವುದು ಈ ದಾರಿಯಲ್ಲೇ.

"ಗ್ರಾಮೀಣ" ಅಂದರೆ ಏನು ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಗ್ರಾಮೀಣ ಪ್ರದೇಶದಲ್ಲಿರಬೇಕು. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ವ್ಯಾಪ್ತಿಯ ಶಾಲೆ ಲೆಕ್ಕಕ್ಕೆ ಬರುವುದಿಲ್ಲ. ದಿನಾ ಬಸ್ಸಿನಲ್ಲಿ ತಾಲ್ಲೂಕಿಗೆ ಹೋಗಿ ಓದಿದ ಹಳ್ಳಿ ಮಕ್ಕಳು ಕೋಟಾ ಕಳೆದುಕೊಳ್ಳುವುದು ಹೀಗೆ. ವ್ಯಾಸಂಗ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರು ಕೊಡಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಪ್ರೈಮರಿಯೇ ಬೇರೆ, ಹೈಸ್ಕೂಲೇ ಬೇರೆಯಾದ್ದರಿಂದ ಎರಡೂ ಕಡೆಯದು ಬೇಕಾಗುತ್ತದೆ. 10ನೇ ಕ್ಲಾಸ್ ಮುಗಿದ ಬೇಸಿಗೆಯಲ್ಲೇ ಮಾಡಿಸಿ ಇಡಿ. ಸಿಇಟಿ ಅರ್ಜಿ ಹೊತ್ತಿಗೆ ಬಿಇಒ ಆಫೀಸಿನ ಮುಂದೆ ಸಾಲು ನಿಂತಿರುತ್ತದೆ.

ಇಂಗ್ಲಿಷ್ ವಿಷಯಕ್ಕೆ ಬಂದರೆ, ಪಿಯು ಸೈನ್ಸ್‌ಗೆ ಇಂಗ್ಲಿಷಿನಲ್ಲಿ ಹೋಗಬೇಕು ಅನ್ನುವುದು ನಿಜವಾದ ಕಷ್ಟವೇ. ಅದಕ್ಕೆ ಮದ್ದು 9 ಮತ್ತು 10ರಲ್ಲಿ ಗಣಿತ, ವಿಜ್ಞಾನದ ಇಂಗ್ಲಿಷ್ ಮಾಧ್ಯಮದ ಪಠ್ಯಪುಸ್ತಕವನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದುವುದು. ರಾಜ್ಯ ಪಠ್ಯದಲ್ಲಿ ಅಧ್ಯಾಯ ಅವೇ, ಚಿತ್ರ ಅವೇ. "ವೇಗೋತ್ಕರ್ಷ" ಓದಿದ ತಕ್ಷಣ "ಆಕ್ಸಲರೇಶನ್" ಎದುರಿಗೇ ಸಿಗುತ್ತದೆ. ವರ್ಷಕ್ಕೆ 45,000 ಕೊಡುವ ಕೆಲಸ ಅಲ್ಲ ಇದು.

ಆಮೇಲೆ ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ (ಹೆಚ್ಚುವರಿ ಸೀಟಿನ) ಕೋಟಾ. ನಿಮ್ಮ ಆದಾಯಕ್ಕೆ ನೇರವಾಗಿ ಹಣ ಉಳಿಸುವುದು ಅದೇ. ಪ್ರತಿ ಬ್ರಾಂಚಿನಲ್ಲೂ ಮಂಜೂರಾದ ಸೀಟಿನ ಮೇಲೆ 5% ಹೆಚ್ಚುವರಿ ಸೀಟು ಇರುತ್ತದೆ, ಅವಕ್ಕೆ ಬೋಧನಾ ಶುಲ್ಕ ಇಲ್ಲ. ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು, ಹಂಚಿಕೆ ರ‍್ಯಾಂಕ್ ಮೇಲೆ. ಸಿಇಟಿ ಅರ್ಜಿ ತುಂಬುವಾಗಲೇ ಕೇಳಿರಬೇಕು, ಸೀಟು ಬಂದ ಮೇಲೆ ಕೇಳಿದರೆ ಆಗುವುದಿಲ್ಲ. ಈ ಸೀಟಿಗೆ ಸೇರಿದವರು ಮುಂದೆ ಕಾಲೇಜು, ಬ್ರಾಂಚ್ ಬದಲಿಸುವಂತಿಲ್ಲ. ಹಾಗಾಗಿ ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿ ಕೊಡುವಾಗ) ನಾಲ್ಕು ವರ್ಷ ಓದಲು ಮನಸ್ಸಿರುವ ಕಾಲೇಜುಗಳನ್ನೇ ಹಾಕಿ.

2ಎಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ನಮೂನೆ ಎಫ್‌ನಲ್ಲಿ, ಆರ್‌ಡಿ ನಂಬರ್ (ಪ್ರಮಾಣಪತ್ರದ ಮೇಲಿನ ಸಂಖ್ಯೆ) ಸಮೇತ ನಾಡಕಚೇರಿಯಿಂದ ಬರಬೇಕು. ಕೇಂದ್ರದ ಒಬಿಸಿ ಸರ್ಟಿಫಿಕೇಟ್ ಜೆಇಇಗೆ ಸರಿ, ಸಿಇಟಿ ನಡೆಸಿ ಸೀಟು ಹಂಚುವ ಕೆಇಎಗೆ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಯುವುದಿಲ್ಲ. ಅದನ್ನು ಹಿಡಿದುಕೊಂಡು ಬಂದು ಸಾಮಾನ್ಯ ವರ್ಗಕ್ಕೆ ಬಿದ್ದವರಿದ್ದಾರೆ.

ಲೆಕ್ಕದ_ಹಾಳೆ

ಮೇಲಿನವರು ಹೇಳಿದ್ದರಿಂದಲೇ 45,000 × 3 ಉಳಿಯಿತು, 1.35 ಲಕ್ಷ. ಇನ್ನು ಉಳಿತಾಯದ ಮಾತು.

ಮಕ್ಕಳ ಪಾಲಿಸಿ ಬೇಡ. ಇನ್ನು ಐದು ವರ್ಷಕ್ಕೆ ದುಡ್ಡು ಬೇಕು. ವಿಮೆ ಮತ್ತು ಉಳಿತಾಯ ಬೆರೆಸಿದ ಪಾಲಿಸಿಗಳು 15, 20 ವರ್ಷಕ್ಕೆ ಕಟ್ಟಿದವು, ನಡುವೆ ಸರೆಂಡರ್ ಮಾಡಿದರೆ ಕಟ್ಟಿದ್ದೂ ಪೂರ್ತಿ ಬರುವುದಿಲ್ಲ. ವಿಮೆ ಬೇಕಾಗಿರುವುದು ಮಗಳಿಗಲ್ಲ, ದುಡಿಯುವ ನಿಮಗೆ. ಅದಕ್ಕೆ ಬರೀ ಟರ್ಮ್ ಪಾಲಿಸಿ (ಉಳಿತಾಯ ಬೆರೆಸದ ಜೀವವಿಮೆ) ಸಾಕು.

5,000 ಅನ್ನು ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ (ತಿಂಗಳ ಕಂತಿನ ಠೇವಣಿ) ಹಾಕಿ. ದರ 6.7%. ತಿಂಗಳಿಗೆ 5,000ದಂತೆ 60 ಕಂತು ಕಟ್ಟಿದರೆ 3 ಲಕ್ಷ ಕಟ್ಟಿದ್ದಕ್ಕೆ ಸುಮಾರು 3.56 ಲಕ್ಷ ಕೈಗೆ. ಜೂನ್‌ನಲ್ಲೇ ಶುರುಮಾಡಿ, ಆಗ ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ಅವಧಿ ಮುಗಿದಿರುತ್ತದೆ. ದಸರಾ ಕಳೆಯಲಿ ಅಂತ ಮುಂದೂಡಿದರೆ ಶುಲ್ಕ ಕಟ್ಟುವ ದಿನ ಖಾತೆ ಇನ್ನೂ ನಡೆಯುತ್ತಿರುತ್ತದೆ. ಮೂರು ವರ್ಷದ ನಂತರ ಮುರಿಯಬಹುದು ನಿಜ, ಆದರೆ ಬರೀ ಉಳಿತಾಯ ಖಾತೆಯ ಬಡ್ಡಿ ಕೊಡುತ್ತಾರೆ. ಐದೇ ವರ್ಷದ ಅವಧಿಗೆ ಷೇರು ಫಂಡ್ ನನ್ನ ಸಲಹೆಯಲ್ಲ. ಸೀಟು ಸಿಕ್ಕ ವಾರ ಮಾರುಕಟ್ಟೆ ಬಿದ್ದಿದ್ದರೆ ಕಾಯುತ್ತೇನೆ ಅನ್ನಲು ಆಗುವುದಿಲ್ಲ.

ಸುಕನ್ಯಾ: ದರ 8.2%, ಮೂರು ತಿಂಗಳಿಗೊಮ್ಮೆ ಸರ್ಕಾರ ಪರಿಶೀಲಿಸುತ್ತದೆ. ಇದೇ ದರ ಉಳಿದರೆ ಐದು ವರ್ಷದಲ್ಲಿ ನಿಮ್ಮ ಖಾತೆ 5 ಲಕ್ಷ ಮುಟ್ಟುತ್ತದೆ. ಆದರೆ ಅಷ್ಟೂ ಸಿಗುವುದಿಲ್ಲ, ಇದನ್ನು ಮರೆಯಬೇಡಿ. 18 ತುಂಬಿದ ಮೇಲೆ ಅಥವಾ 10ನೇ ಪಾಸಾದ ಮೇಲೆ, ಯಾವುದು ಮೊದಲೋ ಅದರಂತೆ, ಹಿಂದಿನ ಮಾರ್ಚ್ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ಓದಿಗಾಗಿ ತೆಗೆಯಬಹುದು. ಪ್ರವೇಶ ಪತ್ರ ಅಥವಾ ಶುಲ್ಕದ ಚೀಟಿ ಕೊಡಬೇಕು, ಅದರಲ್ಲಿರುವ ಮೊತ್ತ ಮೀರುವಂತಿಲ್ಲ. ಒಟ್ಟಿಗೆ ಬೇಡವಾದರೆ ವರ್ಷಕ್ಕೊಂದರಂತೆ ಐದು ವರ್ಷದವರೆಗೆ ಕಂತಿನಲ್ಲಿ ತೆಗೆಯಬಹುದು. ಹೀಗಾಗಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡೂವರೆ ಲಕ್ಷ. ಪಿಯುಗೆ ಅದರಲ್ಲಿ ಕೈ ಹಾಕಬೇಡಿ.

ಎರಡೂ ಸೇರಿ 6 ಲಕ್ಷ ಆಯಿತು. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾ ಸೀಟಿಗೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಹಿಡಿಯಿರಿ, ಸರ್ಕಾರಿ ಕಾಲೇಜಿಗೆ ಇನ್ನೂ ಕಡಿಮೆ. ಕಾಮೆಡ್‌-ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ) ಸೀಟಾದರೆ ಎರಡು ಲಕ್ಷ ದಾಟುತ್ತದೆ, ಮ್ಯಾನೇಜ್‌ಮೆಂಟ್ ಸೀಟು ಈ ಲೆಕ್ಕಕ್ಕೇ ಬರುವುದಿಲ್ಲ. ಹಾಸ್ಟೆಲ್ ಮತ್ತು ಊಟಕ್ಕೆ 80,000 ಅಂದರೂ ಸಿಇಟಿ ಸೀಟಿನ ನಾಲ್ಕು ವರ್ಷ 7ರಿಂದ 7.5 ಲಕ್ಷದಲ್ಲಿ ಮುಗಿಯಬೇಕು. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಸಿಕ್ಕರೆ ಅದರಲ್ಲೂ 3 ಲಕ್ಷ ಇಳಿಯುತ್ತದೆ.

ಒಂದು ಎಚ್ಚರಿಕೆ: ದುಡ್ಡು ಸೋರುವುದು ಪಿಯುನಲ್ಲಿ. ಕೋಚಿಂಗ್ ಸೇರಿಸಿದ ರೆಸಿಡೆನ್ಶಿಯಲ್ ಕಾಲೇಜುಗಳಲ್ಲಿ ಎರಡು ವರ್ಷಕ್ಕೆ, ಎಂಜಿನಿಯರಿಂಗ್‌ನ ನಾಲ್ಕು ವರ್ಷದ ಸಿಇಟಿ ಶುಲ್ಕದಷ್ಟು ಖರ್ಚಾಗುವುದುಂಟು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೋರ್ಡ್ ಪಾಠ ಗಟ್ಟಿಯಾಗಿ ಮಾಡುವ ಸಾಧಾರಣ ಕಾಲೇಜು ನಿಮ್ಮ ಮಗಳಿಗೆ ಸಾಕು.

ಹಾವೇರಿ_ಹೊಲ

ಬಹಳ ಉಪಕಾರವಾಯಿತು. ಶಾಲೆ ಬದಲಿಸುವುದಿಲ್ಲ. ಹೊಲ ತಂದೆಯವರ ಹೆಸರಲ್ಲಿರುವುದರಿಂದ ಏನಾದರೂ ತೊಂದರೆಯಾ? ನನ್ನ ಹೆಸರಲ್ಲಿ ಸೊಸೈಟಿ ಬೆಳೆ ಸಾಲ ಒಂದು ಸ್ವಲ್ಪ ಹಳೇ ಬಾಕಿ ಇದೆ. ಬ್ಯಾಂಕಿನವರು ಅದನ್ನು ನೋಡುತ್ತಾರಾ?

ಶಾಖೆಯ_ಕೌಂಟರ್

ನೋಡುತ್ತಾರೆ. ಶಿಕ್ಷಣ ಸಾಲದಲ್ಲಿ ವಿದ್ಯಾರ್ಥಿ ಜೊತೆಗೆ ತಂದೆ ಅಥವಾ ತಾಯಿ ಸಹ ಸಾಲಗಾರರು. ಬಾಕಿ ಸಿಬಿಲ್‌ನಲ್ಲಿ (ಸಾಲಗಾರರ ಮರುಪಾವತಿ ದಾಖಲೆ) ಕಂಡರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಐದು ವರ್ಷ ಇದೆ, ಈಗಲೇ ತೀರಿಸಿ ಬೇಬಾಕಿ ಪತ್ರ ತೆಗೆದುಕೊಳ್ಳಿ. ಓಟಿಎಸ್‌ನಲ್ಲಿ (ಒಂದೇ ಸಲದ ರಾಜಿ ಇತ್ಯರ್ಥ) ಕಡಿಮೆ ಕಟ್ಟಿ ಮುಗಿಸಿದರೆ ದಾಖಲೆಯಲ್ಲಿ "ಸೆಟಲ್ಡ್" ಅಂತ ಉಳಿಯುತ್ತದೆ, ಪೂರ್ತಿ ತೀರಿಸಿದರೆ "ಕ್ಲೋಸ್ಡ್". ಇವೆರಡನ್ನೂ ಬ್ಯಾಂಕ್ ಒಂದೇ ಕಣ್ಣಲ್ಲಿ ನೋಡುವುದಿಲ್ಲ.

ನಿಯಮ ಹೀಗಿದೆ. 4 ಲಕ್ಷದವರೆಗೆ ನಿಮ್ಮ ಕೈಯಿಂದ ಪಾಲು ಹಾಕಬೇಕಾಗಿಲ್ಲ, ಅದರ ಮೇಲೆ ದೇಶದೊಳಗಿನ ಓದಿಗೆ 5% ನಿಮ್ಮದು. 7.5 ಲಕ್ಷದವರೆಗೆ ಸಾಲ ಖಾತರಿ ನಿಧಿ ಇರುವುದರಿಂದ ಹೊಲ, ಮನೆ ಅಡ ಕೇಳಬಾರದು. ನಮ್ಮ ಶಾಖೆಯ ವ್ಯಾಪ್ತಿಗೆ ನಿಮ್ಮ ಊರು ಬರುವುದಿಲ್ಲ ಅನ್ನುವ ಕಾರಣಕ್ಕೂ ಅರ್ಜಿ ತಳ್ಳುವಂತಿಲ್ಲ, ಆರ್‌ಬಿಐ 2012ರಲ್ಲೇ ಹೇಳಿದೆ. ಬಾಯಲ್ಲಿ ಇಲ್ಲ ಅಂದರೆ ಬರವಣಿಗೆಯಲ್ಲಿ ಕೊಡಿ ಅನ್ನಿ.

ಕಂತಿನ ಲೆಕ್ಕ. ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ಕಂತಿನಲ್ಲಿ 6 ಲಕ್ಷ, ಬಡ್ಡಿ 10% ಅಂತಿಟ್ಟುಕೊಳ್ಳಿ. ಓದಿನ ನಾಲ್ಕು ವರ್ಷ ಮತ್ತು ಮೇಲೊಂದು ವರ್ಷ ಮೊರಟೋರಿಯಂ (ಕಂತು ಕಟ್ಟಬೇಕಿಲ್ಲದ ಅವಧಿ), ಆಗ ಸರಳ ಬಡ್ಡಿ ಏರುತ್ತದೆ. ಮೊದಲ ಕಂತಿಗೆ ಐದು ವರ್ಷದ್ದು 75,000, ಎರಡನೆಯದಕ್ಕೆ 60,000, ಆಮೇಲೆ 45,000, 30,000. ಒಟ್ಟು 2.10 ಲಕ್ಷ. ಕಂತು ಶುರುವಾಗುವ ದಿನ ಸಾಲ 8.10 ಲಕ್ಷ ಆಗಿರುತ್ತದೆ. ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 10,700. ಅದೇ ಬಡ್ಡಿಯನ್ನು ಓದುವಾಗಲೇ ಕಟ್ಟುತ್ತಾ ಹೋದರೆ (ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಮೂರಕ್ಕೆ 3,750, ಆಮೇಲೆ 5,000) ಸಾಲ 6 ಲಕ್ಷದಲ್ಲೇ ನಿಂತು ಕಂತು 7,930ಕ್ಕೆ ಇಳಿಯುತ್ತದೆ. ಹತ್ತು ವರ್ಷದಲ್ಲಿ ಸುಮಾರು 1.2 ಲಕ್ಷ ಉಳಿತಾಯ. ಆರ್‌ಡಿಗೆ ಕಟ್ಟಿ ರೂಢಿಯಾದ 5,000 ಇದೆಯಲ್ಲ, ಅವಧಿ ಮುಗಿದ ಮರುತಿಂಗಳಿಂದ ಅದನ್ನು ಇಲ್ಲಿಗೆ ತಿರುಗಿಸಿ.

ನಿಮಗೆ ಇಷ್ಟು ಸಾಲ ಬೇಕಾಗದು, ಲೆಕ್ಕದ_ಹಾಳೆ ಅವರ ಪ್ರಕಾರ ಒಂದೂವರೆ ಲಕ್ಷದಲ್ಲಿ ಮುಗಿಯುತ್ತದೆ. ಹಾಗಂತ ಮೊದಲ ವರ್ಷದ ಶುಲ್ಕಕ್ಕೆ ಸಾಲ ನಂಬಬೇಡಿ. ಕೆಇಎ ಸೀಟು ಕೊಟ್ಟ ಮೇಲೆ ಶುಲ್ಕ ಕಟ್ಟಲು ಕೆಲವೇ ದಿನ ಇರುತ್ತದೆ, ಅಷ್ಟರಲ್ಲಿ ಸಾಲ ಮಂಜೂರಾಗುವುದಿಲ್ಲ. ಆರ್‌ಡಿ ದುಡ್ಡು ಆ ದಿನಕ್ಕೆ. ಎರಡನೇ ವರ್ಷದಿಂದ ಸಾಲ ತೆಗೆಯಬಹುದು. ಬ್ಯಾಂಕಿಗೆ ಕೊಡುವ ಶುಲ್ಕ ಪಟ್ಟಿಯಲ್ಲಿ ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಕೂಡ ಸೇರಿಸಿ ಕೊಡಲು ಕಾಲೇಜಿಗೆ ಹೇಳಿ. ಪಟ್ಟಿಯಲ್ಲಿಲ್ಲದ್ದಕ್ಕೆ ನಂತರ ಕೇಳಿದರೆ ಸಿಗುವುದು ಕಷ್ಟ.

ಪಿಎಂ ವಿದ್ಯಾಲಕ್ಷ್ಮಿ ಬಗ್ಗೆಯೂ ಗೊತ್ತಿರಲಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ. ಪಟ್ಟಿಯಲ್ಲಿರುವ ಸಂಸ್ಥೆಗಳಲ್ಲಿ (ಶುರುವಿಗೆ 860) ಮೆರಿಟ್ ಮೇಲೆ ಸೇರಿದವರಿಗೆ ಅಡಮಾನವಿಲ್ಲದ ಸಾಲ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ 3% ಬಡ್ಡಿ ರಿಯಾಯಿತಿ. ಆದರೆ ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುತ್ತಿರುವವರಿಗೆ ಈ ರಿಯಾಯಿತಿ ಇಲ್ಲ. ಎರಡನ್ನೂ ಪಕ್ಕಪಕ್ಕ ಬರೆದು, ಯಾವುದು ದೊಡ್ಡದೋ ಅದನ್ನು ಹಿಡಿಯಿರಿ. ಒಂದೂವರೆ ಲಕ್ಷದ ಸಾಲಕ್ಕೆ 3% ಅಂದರೆ ವರ್ಷಕ್ಕೆ 4,500 ಅಷ್ಟೇ.

ಕೌನ್ಸೆಲಿಂಗ್_ಕಟ್ಟೆ

ಹೊಲದ ಪ್ರಶ್ನೆ ಉಳಿಯಿತು. 2021ರಲ್ಲಿ ಶುರುವಾದ, ರೈತರ ಮಕ್ಕಳಿಗೆ ರಾಜ್ಯ ಕೊಡುವ ವಿದ್ಯಾರ್ಥಿವೇತನ ರೈತ ವಿದ್ಯಾನಿಧಿಯಲ್ಲಿ ವೃತ್ತಿಪರ ಕೋರ್ಸಿನ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000, ಪಿಯು ಹೆಣ್ಣುಮಕ್ಕಳಿಗೆ 3,000 ನಿಗದಿಯಾಗಿತ್ತು. ಅದಕ್ಕೆ ಫ್ರೂಟ್ಸ್‌ನ (ರಾಜ್ಯದ ರೈತರ ನೋಂದಣಿ ತಂತ್ರಾಂಶ) ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಬೇಕು. ಪಹಣಿ ಅಜ್ಜನ ಹೆಸರಲ್ಲಿದ್ದರೆ ಮೊಮ್ಮಗಳ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ತಂದೆಯವರು ಇದ್ದರೆ ವಿಭಾಗ ಅಥವಾ ದಾನಪತ್ರ, ತೀರಿಕೊಂಡಿದ್ದರೆ ಪೌತಿ ಖಾತೆ. ಅಣ್ಣತಮ್ಮಂದಿರ ಒಪ್ಪಿಗೆ ಬೇಕಾಗುವ ಕೆಲಸ, ಬೇಗ ಆಗುವುದಿಲ್ಲ, ಈ ವರ್ಷವೇ ಕೈ ಹಾಕಿ.

ವಿದ್ಯಾರ್ಥಿವೇತನ ಎಲ್ಲ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಿಂದ ಮಗಳ ಸ್ವಂತ ಖಾತೆಗೆ ಬರುತ್ತದೆ. "ಮಂಜೂರಾಗಿದೆ, ದುಡ್ಡು ಬಂದಿಲ್ಲ" ಅನ್ನುವ ದೂರಿಗೆ ಸಾಮಾನ್ಯ ಕಾರಣ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಬರಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅನ್ನುವ ದಾಖಲೆ. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಅಂದುಕೊಂಡಿರುತ್ತಾರೆ, ಅದು ಬರೀ ಕೆವೈಸಿ (ಗ್ರಾಹಕರ ಗುರುತಿನ ದಾಖಲೆ). ಡಿಬಿಟಿಗೆ (ಖಾತೆಗೆ ನೇರ ಹಣ ವರ್ಗಾವಣೆ) ಆಧಾರ್ ಸೀಡಿಂಗ್ ಮಾಡಿ ಅಂತ ಬೇರೆ ಫಾರಂ ಕೊಡಬೇಕು. ಮೈಆಧಾರ್ ಪುಟದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಒತ್ತಿದರೆ ಯಾವ ಬ್ಯಾಂಕು ಅಂತ ತೋರಿಸುತ್ತದೆ.

ಇನ್ನು ಹೆಸರು. ಶಾಲೆ ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಹಿಂದೆ ಪೂರ್ತಿಯಾಗಿ, ಹೀಗಿದ್ದರೆ ಪೋರ್ಟಲ್ ಹೊಂದಾಣಿಕೆ ಇಲ್ಲ ಅನ್ನುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸಲು ಬೋರ್ಡಿನವರೆಗೆ ಓಡಾಟ. 9ನೇ ಕ್ಲಾಸಿನಲ್ಲಿ ಎಸ್ಸೆಸ್ಸೆಲ್ಸಿ ನೋಂದಣಿಗೆ ಮೊದಲು ಹೆಡ್‌ಮಾಸ್ಟರ್ ಹತ್ತಿರ ಕೂತು, ಆಧಾರ್ ಕಾರ್ಡ್ ಮೇಜಿನ ಮೇಲಿಟ್ಟು, ಒಂದೊಂದೇ ಅಕ್ಷರ ತಾಳೆ ನೋಡಿ.